ಗಡಿಯಾರದೊಡನೆ ಓಡಿದವರು

ಜನವರಿ ತಿಂಗಳ ಒಂದು ಸೋಮವಾರ. ಹಿಂದಿನ ದಿನವಷ್ಟೇ ಮುಂಬಯಿ ಮ್ಯಾರಥಾನ್ ಮುಗಿದಿತ್ತು. ನಮ್ಮ ಸೆಕ್ಷನ್ನಿನ ಹಿರಿಯ ಸಹೋದ್ಯೋಗಿಯೊಬ್ಬರು ಮೆಟ್ಟಿಲ ಕಟಕಟೆ ಹಿಡಿದು, ಕುಂಟುತ್ತ ಕಛೇರಿಗೆ ಬಂದರು. ಅರ್ಧ ಮ್ಯಾರಥಾನ್, ಎಂದರೆ 21 ಕಿಲೋಮೀಟರಿಗೂ ತುಸು ಹೆಚ್ಚು ದೂರವನ್ನು ಅವರು 2 ಗಂಟೆ 21 ನಿಮಿಷದಲ್ಲಿ ಓಡಿದ್ದರು. ಅದನ್ನು ಮುದ್ರಿಸಿದ ಕಾಗದವನ್ನು ಎಲ್ಲರಿಗೂ ತೋರಿಸಿದರು. "ಎಷ್ಟನೆಯ ನಂಬರು ಬಂತು ಸಾಹೇಬರೇ?" ಎಂದು ಯಾರೋ ಕೇಳಿದರು. "ನಂಬರೆಲ್ಲಿಂದ ಬರಬೇಕು, ಸಾವಿರಾರು ಜನ ಮುಂದಿದ್ದರು. ಆದರೆ ಹೋದ ಸಲಕ್ಕಿಂತ ಮೂರು ನಿಮಿಷ ಕಡಿಮೆ" ಎಂದರು. ಎಲ್ಲರೂ ನಕ್ಕರು. ನಾವೂ ನಕ್ಕೆವು. ಅವರು ಕಾಗದವನ್ನು ನಾಲ್ಕಾಗಿ ಮಡಿಸಿ ಮೇಜಿನ ಕೆಳಗಿನ ಡ್ರಾಯರಿನಲ್ಲಿಟ್ಟು ಫೈಲು ಬಿಚ್ಚಿದರು.

ಸಂಜೆ ಲೋಕಲ್ ಗಾಡಿಯಲ್ಲಿ ನಿಂತಿದ್ದಾಗ ಆ ನಗು ನಮ್ಮನ್ನು ಕಾಡತೊಡಗಿತು. ಸಾವಿರಾರು ಜನರ ಹಿಂದೆ ಬಂದವನಿಗೆ ತನ್ನ ಮೂರು ನಿಮಿಷದ ಬಗ್ಗೆ ಹೆಮ್ಮೆಪಡುವ ಹಕ್ಕಿದೆಯೇ? ಈ ಹೆಮ್ಮೆ ಹುಟ್ಟಿದ್ದಾದರೂ ಎಂದು? ಪುಸ್ತಕಗಳನ್ನು ತಿರುವಿ ನೋಡಿದಾಗ ಇದು ತೀರ ಈಚಿನ ಸಂಗತಿಯೆಂದೂ, ಇದರ ಹಿಂದೆ ದೊಡ್ಡದೊಂದು ಇತಿಹಾಸವಿದೆಯೆಂದೂ ತಿಳಿದುಬಂತು. ಅದನ್ನೇ ಇಲ್ಲಿ ಓದುಗರ ಮುಂದಿಡುತ್ತಿದ್ದೇವೆ.

ಮನುಷ್ಯ ಓಡಲು ಕಲಿತದ್ದು ಯಾವ ಕಾಲದಲ್ಲೋ. ಆದರೆ ತನ್ನ ಓಟಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ನಿಖರವಾಗಿ ಹೇಳಬಲ್ಲವನಾದದ್ದು ಕಳೆದ ಎರಡು ಮೂರು ಶತಮಾನಗಳಲ್ಲಿ ಮಾತ್ರ. ಪ್ರಾಚೀನ ಗ್ರೀಕರ ಒಲಿಂಪಿಕ್ ಕೂಟದಲ್ಲಿ ಗೆದ್ದವನ ಹೆಸರನ್ನು ಬರೆದಿಟ್ಟರು, ವೇಳೆಯನ್ನಲ್ಲ. ಸೆಕೆಂಡನ್ನು ಅಳೆಯುವ ಸಾಧನವೇ ಅವರಲ್ಲಿರಲಿಲ್ಲ. ಹಾಗಾಗಿ ಅಲ್ಲಿ ಗೆದ್ದವನೊಬ್ಬ, ಸೋತವರು ಉಳಿದವರೆಲ್ಲ. ಸೋತವನು ನಿನ್ನೆಗಿಂತ ಇಂದು ಚೆನ್ನಾಗಿ ಓಡಿದ್ದರೂ ಅದನ್ನು ತಿಳಿಯುವ ಉಪಾಯವಿರಲಿಲ್ಲ.

ಓಟದ ಬಯಲಿಗೆ ಗಡಿಯಾರವನ್ನು ತಂದವರು ಇಂಗ್ಲೆಂಡಿನ ಬಾಜಿ ಕಟ್ಟುವ ಜನ. ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನಗಳಲ್ಲಿ ಅಲ್ಲಿ ನಡಿಗೆಗೂ ಓಟಕ್ಕೂ ಪಣ ಕಟ್ಟುವುದು ಜೂಜಿನಂತೆ ನಡೆಯುತ್ತಿತ್ತು. 1809ರಲ್ಲಿ ಕ್ಯಾಪ್ಟನ್ ಬಾರ್‌ಕ್ಲೇ ಎಂಬಾತ ನ್ಯೂಮಾರ್ಕೆಟ್ಟಿನಲ್ಲಿ ಸತತ 1000 ಗಂಟೆಗಳಲ್ಲಿ, ಗಂಟೆಗೊಂದರಂತೆ 1000 ಮೈಲಿ ನಡೆದು 1000 ಗಿನಿಗಳ ಪಣ ಗೆದ್ದ. ಎದುರಾಳಿಯಿಲ್ಲದೆ ಗಡಿಯಾರವನ್ನೇ ಎದುರಾಳಿಯಾಗಿಟ್ಟುಕೊಂಡು ಸೆಣಸಬಹುದೆಂಬುದು ಹೀಗೆ ಜನರ ಮನಸ್ಸಿಗೆ ಬಂತು. ಪಣದ ಹಣ ಕೈ ಬದಲಾಗಬೇಕಾದರೆ ವೇಳೆ ನಿಖರವಾಗಿರಬೇಕು. ವೇಳೆಯ ಲೆಕ್ಕ ಬೆಳೆದದ್ದು ಮುಖ್ಯವಾಗಿ ಈ ಕಾರಣಕ್ಕೆ.

ಇದಕ್ಕೆ ಪ್ರತಿಯಾಗಿ ಹುಟ್ಟಿದವನು 'ಹವ್ಯಾಸಿ'. ಈ ಮಾತು ನಮಗೆ ಹೊಸದಲ್ಲ. ಹಗಲೆಲ್ಲ ಕಛೇರಿಯಲ್ಲಿ ದುಡಿದು ರಾತ್ರಿ ನಾಟಕದ ತಾಲೀಮಿಗೆ ಬರುವ ನಮ್ಮ ಸಂಘದ ಕಲಾವಿದರೂ ಹವ್ಯಾಸಿಗಳೇ. ಹಣಕ್ಕಲ್ಲ, ಪ್ರೀತಿಗಾಗಿ ಮಾಡುವವನು ಎಂದು ಅರ್ಥ. ಕೇಳಲು ಇಂಪಾದ ಈ ಮಾತಿಗೆ ಇಂಗ್ಲೆಂಡಿನಲ್ಲಿ ಕಹಿಯಾದ ಇನ್ನೊಂದು ಅರ್ಥವೂ ಇತ್ತು. 1866ರಲ್ಲಿ ಲಂಡನ್ನಿನ ಹವ್ಯಾಸಿ ಅಥ್ಲೆಟಿಕ್ ಕ್ಲಬ್ಬು ಮಾಡಿದ ನಿಯಮದ ಪ್ರಕಾರ ಯಂತ್ರದ ಕೆಲಸಗಾರ, ಕುಶಲಕರ್ಮಿ, ಕೂಲಿಯವ ಇವರು ಹವ್ಯಾಸಿಗಳಾಗುವಂತಿರಲಿಲ್ಲ. ಕೈಯಿಂದ ದುಡಿಯುವವನ ಓಟ ಎಷ್ಟೇ ವೇಗವಾಗಿದ್ದರೂ ಅದು ಲೆಕ್ಕಕ್ಕಿಲ್ಲ. 1880ರಲ್ಲಿ ಹೊಸ ಸಂಸ್ಥೆ ಸ್ಥಾಪನೆಯಾದಾಗ ಈ ಕಲಮು ಹೋಯಿತು, ಆದರೆ ಹಣ ಮುಟ್ಟಿದವನು ಹೊರಗೇ ಎಂಬ ನಿಯಮ ಉಳಿಯಿತು.

ವಾಲ್ಟರ್ ಜಾರ್ಜ್ ಎಂಬ ಇಂಗ್ಲಿಷ್ ಓಟಗಾರನ ಕಥೆ ಇಲ್ಲಿ ನೆನೆಯತಕ್ಕದ್ದು. ಔಷಧದಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ ಮೈಲಿಯನ್ನು 4 ನಿಮಿಷ 12 ಸೆಕೆಂಡಿನಲ್ಲಿ ಓಡುವೆನೆಂದು ಮೊದಲೇ ಲೆಕ್ಕ ಹಾಕಿಟ್ಟುಕೊಂಡಿದ್ದನಂತೆ. ಹವ್ಯಾಸಿಗಳಲ್ಲಿ ಎದುರಿಲ್ಲವೆನಿಸಿಕೊಂಡ ಮೇಲೆ, ವೃತ್ತಿನಿರತ ಓಟಗಾರ ಕಮ್ಮಿಂಗ್ಸ್‌ನೊಡನೆ ಓಡುವ ಸಲುವಾಗಿ ತಾನೂ ವೃತ್ತಿನಿರತನಾದ. 1886ರ ಆಗಸ್ಟಿನಲ್ಲಿ ಲಂಡನ್ನಿನ ಲಿಲ್ಲಿ ಬ್ರಿಜ್‌ನಲ್ಲಿ ಓಡಿ ಗೆದ್ದಾಗ ವೇಳೆ 4 ನಿಮಿಷ 12 ಮುಕ್ಕಾಲು ಸೆಕೆಂಡು. ಹುಡುಗನಾಗಿದ್ದಾಗ ಹಾಕಿದ ಲೆಕ್ಕಕ್ಕೂ ಇದಕ್ಕೂ ಒಂದು ಸೆಕೆಂಡಿನ ಅಂತರವೂ ಇಲ್ಲ. ಅದನ್ನು ಮೀರಿಸುವವನು ಬಂದದ್ದು 29 ವರ್ಷಗಳ ನಂತರ, 1915ರಲ್ಲಿ.

ಗಡಿಯಾರವನ್ನು ತೀರ್ಪುಗಾರರ ಕೈಯಿಂದ ತನ್ನ ಕೈಗೇ ತೆಗೆದುಕೊಂಡವನು ಫಿನ್ಲೆಂಡಿನ ಪಾವೊ ನೂರ್ಮಿ. ಬಡಗಿಯ ಮಗ. ಸ್ಟಾಪ್‌ವಾಚ್ ಹಿಡಿದೇ ಓಡುತ್ತಿದ್ದ. ಪ್ರತಿ ಸುತ್ತಿಗೂ ಅದನ್ನು ನೋಡಿಕೊಳ್ಳುತ್ತಿದ್ದ. ಪಕ್ಕದಲ್ಲಿ ಯಾರು ಓಡುತ್ತಿದ್ದಾರೆಂಬುದು ಅವನಿಗೆ ಮುಖ್ಯವಲ್ಲ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 1500 ಮೀಟರ್ ಮತ್ತು 5000 ಮೀಟರ್ ಓಟಗಳನ್ನು ಒಂದೇ ದಿನ, ಸುಮಾರು ಒಂದು ಗಂಟೆಯ ಅಂತರದಲ್ಲಿ ಗೆದ್ದ. ಮೂರು ಒಲಿಂಪಿಕ್ಸ್‌ಗಳಲ್ಲಿ 9 ಚಿನ್ನ ಪಡೆದ ಇವನನ್ನು, ಪ್ರಯಾಣಭತ್ಯೆ ಹೆಚ್ಚು ಪಡೆದನೆಂಬ ಆರೋಪದ ಮೇಲೆ 1932ರ ಒಲಿಂಪಿಕ್ಸ್‌ನಿಂದ ಹೊರಗಿಟ್ಟರು. ಟಿ.ಎ. ಬಿಲ್ಲಿನ ತಕರಾರು ನಮ್ಮಂತಹ ಗುಮಾಸ್ತರಿಗೆ ಮಾತ್ರ ಬರುವುದೆಂದು ತಿಳಿದಿದ್ದೆವು!

ಇನ್ನು ಹವ್ಯಾಸಿ ಓಟಗಾರರ ಇತಿಹಾಸದ ಅತ್ಯಂತ ಪ್ರಸಿದ್ಧವಾದ ದಿನಕ್ಕೆ ಬರೋಣ. 1954ರ ಮೇ 6. ರೋಜರ್ ಬ್ಯಾನಿಸ್ಟರ್ ಎಂಬ ವೈದ್ಯಕೀಯ ವಿದ್ಯಾರ್ಥಿ ಬೆಳಗ್ಗೆ ಲಂಡನ್ನಿನ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ತನ್ನ ಓಟದ ಬೂಟಿನ ಮೊಳೆಗಳನ್ನು ಸಾಣೆ ಹಿಡಿದು, ರೈಲು ಹತ್ತಿ ಆಕ್ಸ್‌ಫರ್ಡಿಗೆ ಹೋದ. ಸಂಜೆ ಗಾಳಿ ಜೋರಾಗಿತ್ತು. ಬ್ರಾಷರ್ ಮತ್ತು ಚಾಟವೇ ಎಂಬ ಇಬ್ಬರು ಗೆಳೆಯರು ಸರದಿಯಂತೆ ಮುಂದೆ ಓಡಿ ವೇಗ ಕಾಯ್ದುಕೊಟ್ಟರು. ಮೈಲಿ ಮುಗಿದಾಗ ವೇಳೆ 3 ನಿಮಿಷ 59.4 ಸೆಕೆಂಡು. 4 ನಿಮಿಷದೊಳಗೆ ಮೈಲಿ ಓಡಿದ ಮೊದಲ ಮನುಷ್ಯ ಅವನು. ಅದಕ್ಕೆ ಮೊದಲು ಸ್ವೀಡನ್ನಿನ ಗುಂಡರ್ ಹ್ಯಾಗ್ 1945ರಲ್ಲಿ 4 ನಿಮಿಷ 1.4 ಸೆಕೆಂಡಿನವರೆಗೆ ಬಂದಿದ್ದ. ಹಣ ಪಡೆದನೆಂದು ಅವನಿಗೂ ಬಹಿಷ್ಕಾರವಾಯಿತು.

ಆದರೆ ನಮ್ಮ ವಿಷಯಕ್ಕೆ ಬೇಕಾದದ್ದು ಮುಂದಿನ ಸಂಗತಿ. ಬ್ಯಾನಿಸ್ಟರನ ಜೀವನದ ಅತ್ಯುತ್ತಮ ವೇಳೆ ಆ 3:59.4 ಅಲ್ಲ. 46 ದಿನಗಳಲ್ಲಿ ಆಸ್ಟ್ರೇಲಿಯದ ಜಾನ್ ಲ್ಯಾಂಡಿ ಆ ದಾಖಲೆಯನ್ನು ಮುರಿದ. ಆಗಸ್ಟಿನಲ್ಲಿ ವ್ಯಾಂಕೂವರಿನಲ್ಲಿ ಇಬ್ಬರೂ ಎದುರಾದಾಗ ಕೊನೆಯ ತಿರುವಿನವರೆಗೆ ಲ್ಯಾಂಡಿಯೇ ಮುಂದಿದ್ದ. ಎದುರಾಳಿ ಎಲ್ಲಿದ್ದಾನೆಂದು ಎಡಕ್ಕೆ ತಿರುಗಿ ನೋಡಿದ ಕ್ಷಣದಲ್ಲೇ ಬ್ಯಾನಿಸ್ಟರ್ ಬಲಗಡೆಯಿಂದ ಮುಂದೆ ಹೋದ. ಅಂದಿನ ವೇಳೆ 3 ನಿಮಿಷ 58.8 ಸೆಕೆಂಡು. ಅದೇ ಅವನ ಸ್ವಂತ ಶ್ರೇಷ್ಠ ಸಾಧನೆ. ಲೋಕಕ್ಕೆ ಬೇಕಾದ ಅಂಕಿ ಬೇರೆ, ಅವನ ಸ್ವಂತ ಅಂಕಿ ಬೇರೆ! ಆ ವರ್ಷವೇ ಓಟ ಬಿಟ್ಟು ನರರೋಗ ತಜ್ಞನಾದ ಬ್ಯಾನಿಸ್ಟರ್, ತನಗೆ ಹೆಚ್ಚು ಹೆಮ್ಮೆಯಿರುವುದು ವೈದ್ಯಕೀಯದಲ್ಲಿ ಮಾಡಿದ ಕೆಲಸದ ಬಗ್ಗೆ ಎಂದು 2018ರಲ್ಲಿ ತೀರಿಕೊಳ್ಳುವವರೆಗೂ ಹೇಳುತ್ತ ಬಂದ.

ಅದೇ ಮೇ ತಿಂಗಳ 29ರಂದು, ಬರ್ಮಿಂಗ್‌ಹ್ಯಾಮಿನಲ್ಲಿ ಡಯಾನ್ ಲೆದರ್ ಎಂಬ ರಸಾಯನಶಾಸ್ತ್ರಜ್ಞೆ ಮೈಲಿಯನ್ನು 4 ನಿಮಿಷ 59.6 ಸೆಕೆಂಡಿನಲ್ಲಿ ಓಡಿದಳು. 5 ನಿಮಿಷದೊಳಗೆ ಓಡಿದ ಮೊದಲ ಹೆಂಗಸು. ಆದರೆ ಹೆಂಗಸರ ಮೈಲಿ ಓಟದ ದಾಖಲೆಯನ್ನು ಅಂತರರಾಷ್ಟ್ರೀಯ ಸಂಸ್ಥೆ ಮಾನ್ಯ ಮಾಡತೊಡಗಿದ್ದು 1967ರಲ್ಲಿ. 1966ರಲ್ಲಿ ಬಾಬಿ ಗಿಬ್ ಎಂಬಾಕೆ ಬಾಸ್ಟನ್ ಮ್ಯಾರಥಾನಿನ ಆರಂಭಸ್ಥಳದ ಬಳಿ ಪೊದೆಯಲ್ಲಿ ಅವಿತಿದ್ದು, ಗಂಡಸರ ನಡುವೆ ಸೇರಿಕೊಂಡು ಪೂರ್ತಿ ದೂರವನ್ನು 3 ಗಂಟೆ 21 ನಿಮಿಷದಲ್ಲಿ ಓಡಿದಳು. ನಂಬರೂ ಇಲ್ಲ, ಅಧಿಕೃತ ವೇಳೆಯೂ ಇಲ್ಲ. ಬಾಸ್ಟನ್ನಿನಲ್ಲಿ ಹೆಂಗಸರಿಗೆ ಅಧಿಕೃತ ಪ್ರವೇಶ ಸಿಕ್ಕಿದ್ದು 1972ರಲ್ಲಿ; ಒಲಿಂಪಿಕ್ಸ್‌ನಲ್ಲಿ ಹೆಂಗಸರ ಮ್ಯಾರಥಾನ್ ನಡೆದದ್ದು 1984ರಲ್ಲಿ. ಮೊದಲು ಕೂಲಿಯವನಿಗೆ, ಆಮೇಲೆ ಹೆಂಗಸಿಗೆ, ಲೆಕ್ಕದ ಪುಸ್ತಕ ಮುಚ್ಚಿಯೇ ಇತ್ತು. ತನ್ನ ವೇಳೆಯನ್ನು ಒಂದು ಕಾಗದದ ಮೇಲೆ ಬರೆಸಿಕೊಳ್ಳುವುದು ಸಣ್ಣ ಮಾತಲ್ಲವೆಂದು ಇದರಿಂದ ಅರಿವಾಗುತ್ತದೆ.

ನಮ್ಮ ದೇಶದ ಮಾತಿಗೆ ಬಂದರೆ, ಕಥೆ ಆರಂಭವಾಗುವುದು ಪುಣೆಯಲ್ಲಿ. ಡೆಕ್ಕನ್ ಜಿಮಖಾನಾದ ಕ್ರೀಡಾಕೂಟದಲ್ಲಿ ಬರಿಗಾಲಿನ ರೈತರ ಮಕ್ಕಳು ಓಡಿದ್ದನ್ನು ಕಂಡ ಸರ್ ದೊರಾಬ್ಜಿ ಟಾಟಾ, ಅವರ ವೇಳೆ ಯೂರೋಪಿನವರಿಗೆ ಹತ್ತಿರವಿದೆಯೆಂದು ಗುರುತಿಸಿದರು. ಅದರ ಫಲವಾಗಿ 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಭಾರತದ ತಂಡ ಹೋಯಿತು. ಅದರಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ಆ ಸಲದ ಮ್ಯಾರಥಾನ್ 42.75 ಕಿಲೋಮೀಟರ್, ಈಗಿನದಕ್ಕಿಂತ ಅರ್ಧ ಕಿಲೋಮೀಟರಿಗೂ ಮಿಕ್ಕಿ ಉದ್ದ. ಚೌಗುಲೆಯವರು 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಓಡಿ 19ನೆಯವರಾಗಿ ಬಂದರು. ಗೆದ್ದ ಕೊಲೆಹ್ಮೈನೆನ್‌ನ ವೇಳೆ 2 ಗಂಟೆ 32 ನಿಮಿಷ. ಹದಿನೆಂಟು ನಿಮಿಷ ಹಿಂದೆ ಎಂದು ಹೇಳಬಹುದು. ದಾರಿ ಹಾಕಿಕೊಟ್ಟವರಿಲ್ಲದ ಕಾಲದಲ್ಲಿ ಬೆಳಗಾವಿಯಿಂದ ಹೊರಟವರೊಬ್ಬರು ಅಷ್ಟು ಹತ್ತಿರ ಬಂದಿದ್ದರೆಂದೂ ಹೇಳಬಹುದು. ಅಂಕಿ ಒಂದೇ, ಓದುವ ಬಗೆ ಎರಡು.

ಆಮೇಲೆ ಬಂದವರ ಕಥೆ ಓದುಗರಿಗೆ ಗೊತ್ತಿದ್ದದ್ದೇ. 1960ರಲ್ಲಿ ರೋಮ್‌ನಲ್ಲಿ ಮಿಲ್ಖಾ ಸಿಂಗ್ 400 ಮೀಟರನ್ನು 45.73 ಸೆಕೆಂಡಿನಲ್ಲಿ ಓಡಿ ನಾಲ್ಕನೆಯವರಾದರು. 38 ವರ್ಷ ಮುರಿಯದೆ ನಿಂತ ರಾಷ್ಟ್ರೀಯ ದಾಖಲೆ ಅದು; ಅವರ ಬಾಳಿನ ಕೊರಗೂ ಅದೇ. 1976ರಲ್ಲಿ ಮಾಂಟ್ರಿಯಲ್‌ನಲ್ಲಿ ಶ್ರೀರಾಮ್ ಸಿಂಗ್ 800 ಮೀಟರಿನ ಮೊದಲ ಸುತ್ತನ್ನು ಎಲ್ಲರಿಗಿಂತ ಮುಂದೆ ಓಡಿದರು. ಆ ವೇಗದಿಂದ ಕ್ಯೂಬಾದ ಹುವಾಂತೊರೇನ ವಿಶ್ವದಾಖಲೆ ಸ್ಥಾಪಿಸಿದ, ಶ್ರೀರಾಮ್ ಏಳನೆಯವರಾದರು. ಆದರೆ ಅವರ 1 ನಿಮಿಷ 45.77 ಸೆಕೆಂಡನ್ನು ಭಾರತದಲ್ಲಿ ಮೀರಿಸಲು 2018ರವರೆಗೆ ಕಾಯಬೇಕಾಯಿತು. ಶಿವನಾಥ್ ಸಿಂಗ್ 1978ರಲ್ಲಿ ಜಲಂಧರಿನಲ್ಲಿ ಓಡಿದ 2 ಗಂಟೆ 12 ನಿಮಿಷದ ಮ್ಯಾರಥಾನ್ ದಾಖಲೆ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಬಾಳಿತು. 1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಪಿ.ಟಿ. ಉಷಾ 400 ಮೀಟರ್ ಹರ್ಡಲ್ಸನ್ನು 55.42 ಸೆಕೆಂಡಿನಲ್ಲಿ ಮುಗಿಸಿದರು. ಕಂಚು ಪಡೆದಾಕೆಯ ವೇಳೆ 55.41. ಸೆಕೆಂಡಿನ ನೂರನೆಯ ಒಂದು ಪಾಲು!

ಬಿ.ಎಸ್ಸಿ. ಓದುವಾಗ ಪ್ರಯೋಗಾಲಯದಲ್ಲಿ ಲೋಲಕದ ಆಂದೋಲನ ಎಣಿಸುತ್ತ ನಾವೂ ಸ್ಟಾಪ್‌ವಾಚ್ ಒತ್ತಿದವರೇ. ಕೈಯಿಂದ ಒತ್ತುವ ಗಡಿಯಾರದಲ್ಲಿ ಒಂದೆರಡು ದಶಾಂಶದ ತಪ್ಪು ಸಹಜವೆಂದು ಮೇಷ್ಟ್ರು ಹೇಳಿಕೊಟ್ಟಿದ್ದರು. ಮನುಷ್ಯನ ಬೆರಳೇ ಲೆಕ್ಕ ಇಟ್ಟಿದ್ದರೆ ಉಷಾ ಮತ್ತು ಕಂಚಿನ ನಡುವಣ ಅಂತರ ಕಾಣುತ್ತಲೇ ಇರಲಿಲ್ಲ. ಎಂದರೆ ಯಂತ್ರ ಸೂಕ್ಷ್ಮವಾದಂತೆ ಸೋಲೂ ಸೂಕ್ಷ್ಮವಾಯಿತು. ಮಿಲ್ಖಾ ಮತ್ತು ಉಷಾ, ಇಬ್ಬರೂ ತಮ್ಮ ಬಾಳಿನ ಅತ್ಯಂತ ವೇಗದ ಓಟವನ್ನು ಓಡಿದ ದಿನವೇ ಅತ್ಯಂತ ದುಃಖಪಟ್ಟರು. ಸ್ಥಾನವನ್ನು ನೋಡಿದರೆ ಸೋಲು, ಗಡಿಯಾರವನ್ನು ನೋಡಿದರೆ ಗೆಲುವು. ದೇಶ ಪದಕವನ್ನು ಕೇಳಿತು, ವೇಳೆಯನ್ನು ಕೇಳಲಿಲ್ಲ. ನಾವು ಅಂದು ನಮ್ಮ ಸಹೋದ್ಯೋಗಿಗೆ "ಎಷ್ಟನೆಯ ನಂಬರು?" ಎಂದು ಕೇಳಿದ್ದೂ ಇದೇ ಅಭ್ಯಾಸದಿಂದ ತಾನೆ?

ಸಾಮಾನ್ಯ ಜನ ರಸ್ತೆಗಿಳಿದ ಮೇಲೆ ಈ ಲೆಕ್ಕ ಬದಲಾಯಿತು. 1970ರಲ್ಲಿ ನ್ಯೂಯಾರ್ಕಿನ ಮೊದಲ ಮ್ಯಾರಥಾನಿಗೆ ಹೆಸರು ಕೊಟ್ಟವರು 127 ಮಂದಿ, ಮುಗಿಸಿದವರು 55. ಮುಂದೆ ಅದೇ ಓಟಕ್ಕೆ ಹತ್ತಾರು ಸಾವಿರ ಜನ ಬರತೊಡಗಿದರು. ನಮ್ಮಲ್ಲಿ ಪುಣೆಯ ಅಂತರರಾಷ್ಟ್ರೀಯ ಮ್ಯಾರಥಾನ್ 1983ರಲ್ಲಿ, ಮುಂಬಯಿಯದು 2004ರಲ್ಲಿ ಆರಂಭವಾದವು. ಇಷ್ಟು ಜನಕ್ಕೆ ಸ್ಟಾಪ್‌ವಾಚ್ ಹಿಡಿಯುವವರು ಯಾರು? 1990ರ ದಶಕದ ಮಧ್ಯಭಾಗದಿಂದ ಬಳಕೆಗೆ ಬಂದ ಚಿಪ್ ಈ ತೊಡಕನ್ನು ಬಿಡಿಸಿತು. ಬೂಟಿಗೋ ಎದೆಯ ನಂಬರಿಗೋ ಅಂಟಿಸಿದ ಆ ಚೂರು, ಓಟಗಾರ ಆರಂಭದ ಗೆರೆ ದಾಟಿದ ಕ್ಷಣದಿಂದ ಅವನೊಬ್ಬನ ಲೆಕ್ಕವನ್ನೇ ಇಡುತ್ತದೆ. ನೂಕುನುಗ್ಗಲಿನಲ್ಲಿ ಹತ್ತು ನಿಮಿಷ ತಡವಾಗಿ ಹೊರಟರೂ ಅವನಿಗೆ ನಷ್ಟವಿಲ್ಲ. ಬಾಜಿಯವರು ಶ್ರೀಮಂತರ ಹಣಕ್ಕಾಗಿ ತಂದ ಗಡಿಯಾರ, ಕಡೆಗೆ ಕಟ್ಟಕಡೆಯಲ್ಲಿ ಓಡುವವನ ಕೈಗೂ ಬಂತು. ಅಂತರರಾಷ್ಟ್ರೀಯ ಸಂಸ್ಥೆ 2001ರಲ್ಲಿ ತನ್ನ ಹೆಸರಿನಿಂದ 'ಹವ್ಯಾಸಿ' ಎಂಬ ಮಾತನ್ನೇ ಕೈಬಿಟ್ಟಿತು. ಆದರೆ ನಿಜವಾದ ಹವ್ಯಾಸಿ ಎಲ್ಲಿಗೂ ಹೋಗಿಲ್ಲ. ಬೆಳಗಿನ ಐದು ಗಂಟೆಗೆ ಸಮುದ್ರದ ಬದಿಯಲ್ಲಿ ಓಡಿ, ಒಂಬತ್ತರ ಗಾಡಿ ಹಿಡಿಯುತ್ತಿದ್ದಾನೆ.

ಅವನ ಹೆಮ್ಮೆಗೆ ಒಂದು ಮಿತಿಯೂ ಇದೆ. ವಿಶ್ವದಾಖಲೆಯನ್ನು ಇನ್ನೊಬ್ಬ ಮುರಿಯುತ್ತಾನೆ. ಸ್ವಂತ ದಾಖಲೆಯನ್ನು ತಾನೊಬ್ಬನೇ ಮುರಿಯಬೇಕು. ವಯಸ್ಸಾದಂತೆ ಒಂದು ದಿನ ಅದು ತನ್ನಿಂದಲೂ ಆಗುವುದಿಲ್ಲ. ಆಗ ಆ ಅಂಕಿ ಅವನಿಗೆ ಹಿಂದೊಮ್ಮೆ ತಾನು ಹೀಗಿದ್ದೆ ಎಂಬುದರ ಗುರುತಾಗಿ ಉಳಿಯುತ್ತದೆ. ಅದನ್ನು ಕಾಣಿಸಿಕೊಂಡು ನಾಲ್ಕು ಮಂದಿಯೆದುರು ಹೇಳಿದರೆ ಅದರಲ್ಲಿ ಜಂಬವೇನಿದೆ?

ಮರುವರ್ಷದ ಜನವರಿಯಲ್ಲಿ ನಮ್ಮ ಸಹೋದ್ಯೋಗಿ ಮತ್ತೆ ಓಡಿದರು. ಸೋಮವಾರ ಕಛೇರಿಗೆ ಬಂದರು, ಕಾಗದ ತೋರಿಸಲಿಲ್ಲ. ಊಟದ ಹೊತ್ತಿಗೆ ನಾವೇ ಹೋಗಿ ಪಕ್ಕದಲ್ಲಿ ಕೂತು, "ಈ ಸಲ ವೇಳೆ ಎಷ್ಟಾಯಿತು?" ಎಂದು ಕೇಳಿದೆವು. ಅವರು ಒಂದು ಗಳಿಗೆ ನಮ್ಮ ಮುಖ ನೋಡಿದರು. "2 ಗಂಟೆ 23. ಎರಡು ನಿಮಿಷ ಹೆಚ್ಚಾಯಿತು, ಮೊಣಕಾಲು ಕೈಕೊಟ್ಟಿತು" ಎಂದರು. ಆಮೇಲೆ ಕೆಳಗಿನ ಡ್ರಾಯರನ್ನು ಎಳೆದು, ಮಡಿಕೆಗಳಲ್ಲಿ ಸವೆದಿದ್ದ ಹೋದ ವರ್ಷದ ಕಾಗದವನ್ನು ತೆಗೆದು ಮೇಜಿನ ಮೇಲೆ ಬಿಡಿಸಿ, "ಆದರೆ ಇದು ಇದೆಯಲ್ಲ" ಎಂದರು. ಈ ಸಲ ನಾವು ಅದನ್ನು ಪೂರ್ತಿ ಓದಿದೆವು.