ಕ್ರೆಪಿಯ ಕಾಡಿನ ಫಿರಂಗಿ

1918ನೆಯ ಇಸವಿ ಮಾರ್ಚ್ 23, ಶನಿವಾರ. ಬೆಳಗಿನ ಏಳು ಗಂಟೆ ಕಳೆದು ಸ್ವಲ್ಪ ಹೊತ್ತಿಗೆ ಪ್ಯಾರಿಸ್ ನಗರದಲ್ಲೊಂದು ಸ್ಫೋಟವಾಯಿತು. ತುಸು ಬಿಡುವಿನ ಮೇಲೆ ಇನ್ನೊಂದು, ಮತ್ತೊಂದು. ಜನ ಆಕಾಶ ನೋಡಿದರು. ವಿಮಾನವೊಂದೂ ಕಣ್ಣಿಗೆ ಬೀಳಲಿಲ್ಲ. ಬಿದ್ದ ಲೋಹದ ಚೂರುಗಳನ್ನು ಪರೀಕ್ಷಿಸಿದ ಬಳಿಕ ತಿಳಿದವರು ನುಡಿದರು: ಇದು ಬಾಂಬಲ್ಲ, ಫಿರಂಗಿಯ ಗುಂಡು.

ನಂಬುವುದು ಕಷ್ಟವಾಗಿತ್ತು. ಫಿರಂಗಿ ಇದ್ದದ್ದು ಸುಮಾರು 120 ಕಿಲೋಮೀಟರ್ ದೂರದಲ್ಲಿ, ಲಾನ್ ಪಟ್ಟಣದ ಹತ್ತಿರ ಕ್ರೆಪಿಯ ಕಾಡಿನೊಳಗೆ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೇನಾನಿ ಲುಡೆಂಡಾರ್ಫನ ಮಹಾದಾಳಿ ಶುರುವಾಗಿ ಎರಡೇ ದಿನವಾಗಿತ್ತು. ಅಮೆರಿಕದ ದಂಡು ಪೂರ್ತಿ ಬಂದಿಳಿಯುವ ಮುನ್ನ ಫ್ರಾನ್ಸಿನ ಎದೆಗುಂದಿಸಬೇಕೆಂಬುದು ಜರ್ಮನರ ಎಣಿಕೆ.

ಈ ಯಂತ್ರವನ್ನು ರೂಪಿಸಿದಾತ ಕ್ರುಪ್ ಶಸ್ತ್ರಕಾರ್ಖಾನೆಯ ಫ್ರಿಟ್ಜ್ ರೌಸೆನ್‌ಬರ್ಗರ್. ಯುದ್ಧನೌಕೆಯ 38 ಸೆಂಟಿಮೀಟರಿನ ನಳಿಗೆಯೊಳಗೆ 21 ಸೆಂಟಿಮೀಟರಿನ ಒಳನಳಿಗೆ ಕೂರಿಸಿದ್ದ. ಉದ್ದ ಸುಮಾರು 34 ಮೀಟರ್. ತನ್ನ ಭಾರಕ್ಕೆ ತಾನೇ ಬಾಗದಂತೆ ನಳಿಗೆಯ ಮೇಲೆ ಉಕ್ಕಿನ ಬಿಗಿಗಳು. ನೌಕೆಯ ವಂಶದ್ದಾದ್ದರಿಂದ ಅದನ್ನು ನಡೆಸಿದವರೂ ನೌಕಾದಳದವರೇ. ನೂರು ಕಿಲೋ ಮೀರಿದ ಗುಂಡು ಸುಮಾರು 40 ಕಿಲೋಮೀಟರ್ ಎತ್ತರಕ್ಕೇರುತ್ತಿತ್ತು. ಅಲ್ಲಿ ಗಾಳಿ ತೆಳು, ತಡೆ ಅತ್ಯಲ್ಪ. ಮೂರು ನಿಮಿಷ ಆಕಾಶದಲ್ಲೇ ಇರುತ್ತಿದ್ದುದರಿಂದ ಭೂಮಿ ತಿರುಗುವುದನ್ನೂ ಲೆಕ್ಕಕ್ಕೆ ಹಿಡಿಯಬೇಕಿತ್ತು. ಮನುಷ್ಯ ನಿರ್ಮಿಸಿದ ವಸ್ತು ಅದಕ್ಕೂ ಮೊದಲು ಅಷ್ಟು ಎತ್ತರ ಕಂಡಿರಲಿಲ್ಲ.

ಆದರೆ ಪ್ರತಿ ಹೊಡೆತವೂ ನಳಿಗೆಯ ಒಳಮೈಯನ್ನು ಸವೆಸುತ್ತಿತ್ತು. ಹಾಗಾಗಿ ಗುಂಡುಗಳಿಗೆ ಕ್ರಮಸಂಖ್ಯೆ ಇತ್ತು. ಮುಂದಿನದು ಹಿಂದಿನದಕ್ಕಿಂತ ಕೂದಲೆಳೆಯಷ್ಟು ದಪ್ಪ. ಸುಮಾರು 65 ಗುಂಡು ಹಾರಿಸಿದ ಮೇಲೆ ನಳಿಗೆ ಕಾರ್ಖಾನೆಗೆ ಮರಳಿ, ಬಾಯಿ ಅಗಲ ಮಾಡಿಸಿಕೊಳ್ಳಬೇಕು. ಇಷ್ಟೆಲ್ಲ ಲೆಕ್ಕಾಚಾರದ ಈ ಆಯುಧಕ್ಕೆ ಗುರಿಯಿಟ್ಟು ಒಂದು ಕೋಟೆಯನ್ನೋ ಸೇತುವೆಯನ್ನೋ ಹೊಡೆಯುವ ಸಾಮರ್ಥ್ಯವಿರಲಿಲ್ಲ. ಅದರ ಗುರಿ ಇಡೀ ಊರು. ಯಾರ ಮೇಲೆ ಬೀಳುತ್ತದೆಂಬುದು ಹಾರಿಸಿದವನಿಗೂ ಗೊತ್ತಿಲ್ಲ.

ಮಾರ್ಚ್ 29, ಗುಡ್ ಫ್ರೈಡೇ. ಸೇಂಟ್ ಜೆರ್ವೇ ಚರ್ಚಿನಲ್ಲಿ ಜನ ಪ್ರಾರ್ಥನೆಗೆ ನೆರೆದಿದ್ದಾಗ ಗುಂಡೊಂದು ಎರಗಿತು. ಕಲ್ಲುಗಳು ಕುಸಿದು ಸುಮಾರು 90 ಮಂದಿ ಸತ್ತರು. ಆಗಸ್ಟ್‌ವರೆಗೆ ನಡೆದ ಈ ಹೊಡೆತಕ್ಕೆ ನಗರ ಒಟ್ಟು 250ರಷ್ಟು ಜನರನ್ನು ಕಳೆದುಕೊಂಡಿತು. ಅದರಲ್ಲಿ ಮೂರನೆಯ ಒಂದು ಪಾಲಿಗೂ ಹೆಚ್ಚು ಅದೊಂದೇ ಮಧ್ಯಾಹ್ನದ್ದು.

ಸಾವಿರಾರು ಜನ ಊರು ಬಿಟ್ಟರು. ಉಳಿದವರು ನೆನೆಟ್, ರಿಂಟಿಂಟಿನ್ ಎಂಬ ಉಣ್ಣೆಯ ಜೋಡಿಗೊಂಬೆಗಳನ್ನು ರಕ್ಷೆಯೆಂದು ಧರಿಸಿದರು. ಫಿರಂಗಿಯನ್ನು ಜನ ಬರ್ಥಾ ಎಂದೇ ಕರೆದರು; ಆದರೆ ನಿಜವಾದ ಬರ್ಥಾ 1914ರಲ್ಲಿ ಬೆಲ್ಜಿಯಮ್ಮಿನ ಲೀಜಿನ ಕೋಟೆಗಳನ್ನೊಡೆದ, ಹತ್ತಿರದಿಂದಲೇ ಹೊಡೆಯುವ ಬೇರೆಯೇ ಫಿರಂಗಿ.

ಪ್ಯಾರಿಸ್ ಶರಣಾಗಲಿಲ್ಲ. ಆಗಸ್ಟ್ 9ರಂದು ಕೊನೆಯ ಗುಂಡು ಬಿತ್ತು; ಮಿತ್ರಪಡೆಗಳು ಮುನ್ನುಗ್ಗುತ್ತಿದ್ದಂತೆ ಈ ಮಾದರಿಯ ಫಿರಂಗಿಗಳು ಜರ್ಮನಿಗೆ ಮರಳಿದವು. ಯುದ್ಧ ಮುಗಿದ ಮೇಲೆ ಗೆದ್ದವರು ಎಷ್ಟು ಹುಡುಕಿದರೂ ಒಂದು ನಳಿಗೆಯೂ ಸಿಗಲಿಲ್ಲ. ಷಾಟೊ-ತಿಯೆರಿಯ ಬಳಿ ಅಮೆರಿಕನ್ನರ ವಶವಾದದ್ದು ಫಿರಂಗಿಯಿಲ್ಲದ ಪೀಠ ಮಾತ್ರ.