ಕಲಿಯಬಲ್ಲ ಮಗು ಯಾವುದು? ಇಂಗ್ಲೆಂಡಿನ ವೈದ್ಯಕೀಯ ತಪಾಸಣೆ ಮತ್ತು ವಿಶೇಷ ಶಾಲೆಗಳು, 1870–1971

ಇಂಗ್ಲೆಂಡಿನಲ್ಲಿ 1870ರ ಶಿಕ್ಷಣ ಕಾಯ್ದೆಯಿಂದ ಸಾರ್ವಜನಿಕ ಶಾಲೆಗಳು ಬೆಳೆದವು. 1880ರಲ್ಲಿ ಹಾಜರಾತಿ ಕಡ್ಡಾಯವಾಯಿತು. ಬಡವರ ಕೇರಿಗಳ ಮಕ್ಕಳೆಲ್ಲ ಶಾಲೆಗೆ ಬಂದಾಗ, ಕೆಲವರು ಒಂದನೇ ತರಗತಿಯಲ್ಲೇ ವರ್ಷಗಟ್ಟಲೆ ಉಳಿದರು. ಪರೀಕ್ಷೆಯ ಫಲಿತಾಂಶ ನೋಡಿ ಶಾಲೆಗೆ ಅನುದಾನ ಕೊಡುತ್ತಿದ್ದ ಕಾಲವದು. ಹಿಂದುಳಿದ ಮಗು ಎಂದರೆ ಶಾಲೆಗೆ ನೇರ ನಷ್ಟ. ವೈದ್ಯರನ್ನು ತರಗತಿಗೆ ಕರೆತಂದ ಪರಿಸ್ಥಿತಿ ಇದು.

ಲಂಡನ್ ಹಾಸ್ಪಿಟಲ್‌ನ ವೈದ್ಯ ಫ್ರಾನ್ಸಿಸ್ ವಾರ್ನರ್ 1888ರಿಂದ 1894ರ ನಡುವೆ ಸುಮಾರು 1,00,000 ಮಕ್ಕಳನ್ನು ಪರೀಕ್ಷಿಸಿದರು. ಮಕ್ಕಳು ಸಾಲಾಗಿ ನಿಲ್ಲಬೇಕು, ಎರಡೂ ಕೈ ಮುಂದಕ್ಕೆ ಚಾಚಬೇಕು. ವಾರ್ನರ್ ಬೆರಳುಗಳ ಭಂಗಿ, ಹಣೆಯ ಸ್ನಾಯು, ಕಿವಿಯ ಆಕಾರ, ಅಂಗುಳ ನೋಡುವರು. ಕಣ್ಣೆದುರು ವಸ್ತುವೊಂದನ್ನು ಆಡಿಸಿ, ಮಗು ಬರೀ ಕಣ್ಣು ಹೊರಳಿಸುತ್ತದೋ ತಲೆಯನ್ನೇ ತಿರುಗಿಸುತ್ತದೋ ಎಂದು ಗಮನಿಸುವರು. ದೇಹದ ದೋಷ, ನರಗಳ ಲಕ್ಷಣ, ಅಪೌಷ್ಟಿಕತೆ, ಬುದ್ಧಿಯ ಮಂದತನ ಎಂದು ನಾಲ್ಕು ಬಗೆಯಲ್ಲಿ ದಾಖಲಿಸಿದರು. ಹಸಿವನ್ನು ಬೇರೆಯಾಗಿ ಗುರುತಿಸಿದ್ದು ಅವರ ದೊಡ್ಡತನ. ಆದರೆ ಅಂಗುಳದ ಆಕಾರದಿಂದ ಕಲಿಕೆಯನ್ನು ಅಳೆಯಹೊರಟದ್ದು ಮುಂದಿನ ಅನೇಕ ತಪ್ಪುಗಳಿಗೆ ದಾರಿ ಮಾಡಿತು.

1892ರಲ್ಲಿ ಲೆಸ್ಟರ್ ಮತ್ತು ಲಂಡನ್‌ಗಳಲ್ಲಿ ವಿಶೇಷ ತರಗತಿಗಳು ಶುರುವಾದವು. ಮರುವರ್ಷದ ಕಾಯ್ದೆ ಕುರುಡು, ಕಿವುಡು ಮಕ್ಕಳ ಶಿಕ್ಷಣದ ಹೊಣೆಯನ್ನು ಸ್ಥಳೀಯ ಶಾಲಾ ಆಡಳಿತಕ್ಕೆ ವಹಿಸಿತು. ಉಳಿದವರಿಗಾಗಿ ಬಂದ 1899ರ ಕಾಯ್ದೆ ಸ್ಥಳೀಯ ಮಂಡಳಿಗಳಿಗೆ ವಿಶೇಷ ಶಾಲೆ ನಡೆಸುವ ಅಧಿಕಾರ ಕೊಟ್ಟಿತೇ ಹೊರತು ಕಡ್ಡಾಯ ಮಾಡಲಿಲ್ಲ. ಬುದ್ಧಿಮಾಂದ್ಯ ಮಕ್ಕಳ ಮಟ್ಟಿಗೆ ಅದು ಕಡ್ಡಾಯವಾದದ್ದು 1914ರಲ್ಲಿ. ವಿಶೇಷ ಶಾಲೆ ಸೇರಲು ವೈದ್ಯರ ಪ್ರಮಾಣಪತ್ರ ಬೇಕಿತ್ತು. ಈ ಮಗು ಸಾಮಾನ್ಯ ಶಾಲೆಗೆ ಆಗದು, ಆದರೆ ಕಲಿಸಿದರೆ ಕಲಿತೀತು ಎಂದು ಅದು ಹೇಳಬೇಕು. ಕಲಿಯಲಾರದು ಎಂದುಬಿಟ್ಟರೆ ಶಾಲೆಯ ಬಾಗಿಲೇ ಮುಚ್ಚಿತು. ಪಾಠ ಮಾಡುವವರು ಶಿಕ್ಷಕರು, ಕಡೆಯ ಮಾತು ಮಾತ್ರ ವೈದ್ಯರದು.

ಅದೇ 1899ರಲ್ಲಿ ಕಾದಂಬರಿಗಾರ್ತಿ ಮೇರಿ ವಾರ್ಡ್ ಲಂಡನ್ನಿನ ಟ್ಯಾವಿಸ್ಟಾಕ್ ಪ್ಲೇಸ್‌ನಲ್ಲಿ ಅಂಗವಿಕಲ ಮಕ್ಕಳಿಗೆ ಶಾಲೆ ತೆರೆದರು. ಕರೆತರಲು ಗಾಡಿ, ನೋಡಿಕೊಳ್ಳಲು ನರ್ಸ್, ಮಧ್ಯಾಹ್ನಕ್ಕೆ ಬಿಸಿ ಊಟ. ತಪಾಸಣೆ ಮಗುವಿಗೆ ಏನು ಬೇಕೆಂದು ಕೇಳಿದಾಗ ಎಷ್ಟು ಒಳಿತಾಗುತ್ತದೆ ಎಂಬುದಕ್ಕೆ ಈ ಶಾಲೆಗಿಂತ ಒಳ್ಳೆಯ ಸಾಕ್ಷಿ ನನಗೆ ಕಂಡಿಲ್ಲ.

ವೈದ್ಯರ ಅಳತೆ ನೆಚ್ಚುವಂಥದ್ದಲ್ಲ ಎಂದು ಫ್ರಾನ್ಸಿನ ಮನೋವಿಜ್ಞಾನಿ ಆಲ್ಫ್ರೆಡ್ ಬಿನೆ 1905ರಲ್ಲೇ ತೋರಿಸಿದ್ದರು. ಒಂದೇ ಮಗುವಿಗೆ ಬೇರೆಬೇರೆ ವೈದ್ಯರು ಬೇರೆಬೇರೆ ಹಣೆಪಟ್ಟಿ ಹಚ್ಚಿದ ಪತ್ರಗಳು ಅವರ ಮುಂದಿದ್ದವು. ಮಕ್ಕಳ ಬುದ್ಧಿಯನ್ನು ಅಳೆಯಲು ಅವರು ರೂಪಿಸಿದ ಪ್ರಶ್ನಾವಳಿ ಇಂಗ್ಲೆಂಡಿಗೂ ಬಂತು. ಆದರೂ ಪ್ರಮಾಣಪತ್ರದ ಅಧಿಕಾರ ಕುಗ್ಗಲಿಲ್ಲ. 1944ರ ಕಾಯ್ದೆಯಡಿ ಎರಡು ವರ್ಷ ತುಂಬಿದ ಮಗುವನ್ನೂ ತಪಾಸಣೆಗೆ ತರುವಂತೆ ಪೋಷಕರಿಗೆ ಆದೇಶಿಸಬಹುದಿತ್ತು. ಕಲಿಯಲಾರದು ಎಂದು ತೀರ್ಮಾನವಾದ ಮಗು ಶಿಕ್ಷಣ ಇಲಾಖೆಯ ಕೈಬಿಟ್ಟು ಆರೋಗ್ಯ ಇಲಾಖೆಯ ಪಾಲಾಗುತ್ತಿತ್ತು.

ಈ ವಿಂಗಡಣೆಯನ್ನು ತೆಗೆದುಹಾಕಿದ್ದು 1970ರ ಕಾಯ್ದೆ. 1971ರ ಏಪ್ರಿಲ್‌ನಲ್ಲಿ ಅದು ಜಾರಿಗೆ ಬಂದಾಗ, ಇಂಥ ಸುಮಾರು 24,000 ಮಕ್ಕಳು ಆರೋಗ್ಯ ಇಲಾಖೆಯ ತರಬೇತಿ ಕೇಂದ್ರಗಳಲ್ಲಿ, 8,000 ಮಕ್ಕಳು ಆಸ್ಪತ್ರೆಗಳಲ್ಲಿ ಇದ್ದರು. ಅಂದಿನಿಂದ ಅವರೆಲ್ಲರೂ ಕಾನೂನಿನ ಪ್ರಕಾರ ವಿದ್ಯಾರ್ಥಿಗಳಾದರು.