ಒಸಾಕಾ ಬೇಸಿಗೆ ಮುತ್ತಿಗೆ: ಜೋಡಿ ಮಡಿಕೆ ತೆರೆ

17ನೇ ಶತಮಾನ. ಕಾಗದದ ಮೇಲೆ ಬಣ್ಣ ಮತ್ತು ಚಿನ್ನ. ಒಸಾಕಾ ಕೋಟೆ ವಸ್ತುಸಂಗ್ರಹಾಲಯ, ಜಪಾನ್.

ಬಲದಿಂದ ಎಡಕ್ಕೆ ನೋಡುತ್ತ ಬನ್ನಿ. ಬಲಗಡೆಯ ಆರು ಮಡಿಕೆಗಳಲ್ಲಿ 1615ರ ಕೊನೆಯ ಕಾಳಗ: ಮುತ್ತಿಗೆ ಹಾಕಿದ ತೊಕುಗಾವಾ ಪಡೆಗಳಿಗೆ ಎದುರಾಗಿ, ಒಸಾಕಾ ಕೋಟೆಯ ಪರ ಕಾದಿದ, ಕೆಂಪು ಕವಚ ತೊಟ್ಟ ಸನಾದಾ ಯುಕಿಮುರಾನ ದಂಡು, ಕಿಕ್ಕಿರಿದ ಬಾವುಟ, ಈಟಿ, ಕೋವಿ. ಎರಡೂ ತೆರೆಗಳಲ್ಲಿ ಸೇರಿ ಐದು ಸಾವಿರಕ್ಕೂ ಹೆಚ್ಚು ಮಂದಿ ಇದ್ದಾರೆ.

ಎಡಗಡೆಯ ತೆರೆಯ ಮುಂದೆ ತುಸು ಹೆಚ್ಚು ಹೊತ್ತು ನಿಲ್ಲಿ. ಕೋಟೆ ಬಿದ್ದ ಮೇಲೆ ದಿಕ್ಕೆಟ್ಟು ಓಡುವ ಊರವರು, ನದಿ ದಾಟಲು ಹೆಣಗುವವರು, ಅವರ ಗಂಟುಮೂಟೆ ಕಿತ್ತುಕೊಳ್ಳುವ, ಹೆಂಗಸರನ್ನು ಎಳೆದೊಯ್ಯುವ ಸೈನಿಕರು. ಕದನಚಿತ್ರಗಳು ಸಾಮಾನ್ಯವಾಗಿ ಮುಚ್ಚಿಡುವ ಭಾಗವಿದು. ವಿಚಿತ್ರವೆಂದರೆ, ಈ ಜೋಡಿ ತೆರೆಯನ್ನು ಬರೆಸಿದವನು ಗೆದ್ದ ತೊಕುಗಾವಾ ಪಕ್ಷದ ಸರದಾರ ಕುರೊದಾ ನಾಗಮಾಸಾ ಎಂಬ ಪ್ರತೀತಿ ಇದೆ. ತೆರೆ ಬಹುಕಾಲ ಅವನ ಮನೆತನದಲ್ಲೇ ಉಳಿದಿತ್ತು.